ಕಿತ್ತಳೆ ಬಣ್ಣದ ವೈರು

ಮಳೆಯೇ ಅಂದುಕೊಂಡೆವು ಮೊದಲು.
ಜಾಕ್ಸನ್ನಿನ ಚಳಿಗಾಲಕ್ಕೆ ಮಳೆ ಹೊಸದಲ್ಲ.
ಆದರೆ ಸೂರಿನಿಂದ ಇಳಿದ ಹನಿ ನೆಲ ಮುಟ್ಟಲಿಲ್ಲ,
ನಡುದಾರಿಯಲ್ಲೇ ಮನಸ್ಸು ಬದಲಿಸಿ ನಿಂತುಬಿಟ್ಟಿತು.
ಬೆಳಗಾಗುವಷ್ಟರಲ್ಲಿ ಗೇಟಿಗೆ, ಹುಲ್ಲಿನ ಒಂದೊಂದು ಎಸಳಿಗೆ,
ಅಂಗಳದಲ್ಲಿ ಯಾರೋ ಮರೆತ ಮೂರು ಗಾಲಿ ಸೈಕಲ್ಲಿಗೆ
ಗಾಜಿನ ತೊಗಲು.

ರಸ್ತೆಗೆ ಎರಚಲು ಉಪ್ಪಿಲ್ಲ, ಕೆರೆಯಲು ಸಲಿಕೆಯಿಲ್ಲ.
ಬೆಕ್ಕಿನ ಕಕ್ಕಸಿನ ಮರಳನ್ನು ಮೆಟ್ಟಿಲಿಗೆ ಸುರಿದಳು ಅರ್ಲೀಟಾ.
ಕಾಲುಚೀಲವೇ ಕೈಗೂ ಬಂತು.
ಕಾರಿನ ಗಾಜನ್ನು ನಾನು ಲೈಬ್ರರಿ ಕಾರ್ಡಿನಿಂದ ಕೆರೆದೆ;
ಮುರಿಯಿತು; ಮುರಿದ ತುಂಡಿನಿಂದಲೇ ಮತ್ತೆ ಕೆರೆದೆ;
ಹೋಗುವುದಾದರೂ ಎಲ್ಲಿಗೆ ಎಂದು ಆಮೇಲೆ ಹೊಳೆಯಿತು.
ಡುಲೂತ್ ಕಡೆಯಿಂದ ಬಂದು ನೆಲೆಸಿದ ಮೇಷ್ಟ್ರು ಹಾಲ್ವರ್ಸನ್
"ಇದೂ ಒಂದು ಚಳಿಯೇ?" ಎಂದು ನಗುತ್ತ ಹೊರಬಂದವರು
ಎರಡನೇ ಹೆಜ್ಜೆಗೆ ಬೇಲಿಯ ಹಿಂದೆ ಮಾಯವಾದರು.
ಹಿಮ ಗೊತ್ತಿತ್ತು ಅವರಿಗೆ. ಇದು ಹಿಮವಲ್ಲ.

ಹಗಲಿಡೀ ಸದ್ದಿಲ್ಲ. ಕತ್ತಲಾದ ಮೇಲೆ ಶುರು.
ಮೂಲೆಯ ಟ್ರಾನ್ಸ್‌ಫಾರ್ಮರು ನೀಲಿ ಹಸಿರು ಕಾರಿಕೊಂಡು
ಬೀದಿಗೆ ಬೀದಿಯನ್ನೇ ಊದಿ ಆರಿಸಿತು.
ದೂರದಲ್ಲೊಂದು ಬಂದೂಕಿನ ಸದ್ದು,
ಬೆನ್ನಿಗೇ ಪಾತ್ರೆ ಅಂಗಡಿ ಉರುಳಿದ ಹಾಗೆ.
"ಅದು ಚರ್ಚಿನ ಹಿಂದಿನ ಓಕ್," ಅಂದಳು ಅಮ್ಮ, ಹಾಸಿಗೆಯಿಂದ.
ಕಣ್ಣು ಮಂದ, ಕಿವಿ ಮಾತ್ರ ಮೊನಚು ಅವಳದ್ದು.
"ಇದು ಪೈನು. ಬಾಗಲು ಬಾರದು, ನಡು ಮುರಿದುಕೊಳ್ಳುತ್ತೆ.
ಇದು ಮ್ಯಾಗ್ನೋಲಿಯಾ. ಎಲೆ ಉದುರಿಸಲು ಒಪ್ಪದವಳು,
ಹೊತ್ತ ಭಾರದಲ್ಲೇ ಹೋದಳು."
ಹೀಗೆ ಹೆಸರು ಹಿಡಿದು ಬೀದಿಯ ಮರಗಳನ್ನು
ಒಂದೊಂದಾಗಿ ಕಳಿಸಿಕೊಟ್ಟಳು.
ನಡುರಾತ್ರಿ, ತೀರ ಹತ್ತಿರದ್ದೊಂದು. ಕಿಟಕಿ ನಡುಗಿತು.
ಅಮ್ಮ ಮಾತಾಡಲಿಲ್ಲ.
ನಮ್ಮ ಪೀಕನ್.

ಆ ಪೀಕನ್ನಿನ ವಿಷಯ ಹೇಳಬೇಕು.
ಅದರ ನೆರಳಲ್ಲೇ ದಿನಾ ಟ್ರಕ್ ನಿಲ್ಲಿಸಿ,
ಕಾಯಿ ಬಿದ್ದು ತಗಡು ತಗ್ಗಾಯಿತೆಂದು
ಹೇಳದೆ ಕೇಳದೆ ಕೊಂಬೆ ಕಡಿಸಿದವನು
ಎದುರುಮನೆಯ ಥರ್ಮಂಡ್ ಗೇಲ್ಸ್.
ಆರು ವರ್ಷ ಮಾತಿಲ್ಲ.
ಅವನ ಹೆಂಡತಿಯ ಮಣ್ಣಿಗೆ ಹೋಗಿದ್ದೆವು, ಸುಳ್ಳೇಕೆ,
ಹಿಂದಿನ ಸಾಲಿನಲ್ಲಿ ಕೂತು, ಊಟಕ್ಕೆ ನಿಲ್ಲದೆ ಬಂದಿದ್ದೆವು.

ಗ್ಯಾಸಿನ ಒಲೆ ಇದ್ದದ್ದು ಅರ್ಲೀಟಾಳ ಮನೆಯಲ್ಲಿ ಮಾತ್ರ.
"ಊರೆಲ್ಲ ಹೆಪ್ಪುಗಟ್ಟಿದೆ,
ಫ್ರೀಜರಿನೊಳಗೆ ಮಾತ್ರ ಕರಗುತ್ತಿದೆ ನೋಡು," ಎಂದು ನಕ್ಕಳು.
ಕೆಡುವ ಮೊದಲು ಉಣ್ಣಬೇಕು: ಜಿಂಕೆಯ ಮಾಂಸ, ಕ್ಯಾಟ್‌ಫಿಶ್,
ಕಳೆದ ಬೇಸಿಗೆಯ ಬೆಂಡೆಕಾಯಿ, ಎಲ್ಲ ಒಂದೇ ಕೊಪ್ಪರಿಗೆಗೆ.
ಯಾರೋ ತಂದರು ಮದುವೆ ಕೇಕಿನ ಎತ್ತಿಟ್ಟ ತುಂಡು.
ಆ ಮದುವೆ ಮುರಿದು ವರ್ಷವಾಗಿತ್ತು.
ಕೇಕು ಚೆನ್ನಾಗಿತ್ತು.

ಮೂರನೆಯ ರಾತ್ರಿ ರಸ್ತೆಯ ಆಚೆ ಬದಿಗೆ ಕರೆಂಟು ಬಂತು.
ಆಚೆಗೆ ಮಾತ್ರ.
ಹದಿನೆಂಟು ಅಡಿಯ ಡಾಂಬರು, ಎರಡು ದೇಶ.
ಅವರ ಪರದೆಯ ಹಿಂದೆ ಹಳದಿ, ಟೀವಿಯ ನೀಲಿ;
ಈಚೆ ನಾನು ಟಾರ್ಚು ಹಿಡಿದು
ಅಮ್ಮನ ಆಕ್ಸಿಜನ್ನಿನ ಕೊನೆಯ ಸಿಲಿಂಡರಿನ ಮುಳ್ಳು ನೋಡುತ್ತ,
ಅದು ಕೆಂಪಿನ ಕಡೆ ವಾಲುತ್ತ.
ಆಂಬುಲೆನ್ಸು ಗುಡ್ಡದ ಕೆಳಗೇ ಸಿಕ್ಕಿಬಿದ್ದಿದೆಯಂತೆ.

ಆಗ ಕಂಡೆ.
ಅರವತ್ತೆಂಟರ ಆ ದಢೂತಿ ಆಳು
ನೆಟ್ಟಗೆ ನಿಲ್ಲಲಾಗದ ಗಾಜಿನ ಮೇಲೆ
ಅಂಬೆಗಾಲಿಟ್ಟು ರಸ್ತೆ ದಾಟುತ್ತಿದ್ದ.
ಹಲ್ಲಿನಲ್ಲಿ ಕಚ್ಚಿದ್ದ
ಕಿತ್ತಳೆ ಬಣ್ಣದ ವೈರಿನ ತುದಿ.
ಹಿಂದೆ ಅವನ ಬಾಗಿಲವರೆಗೂ ಎಳೆದ ಗೆರೆ.

"ಕಿಟಕಿ ಚೂರು ಎತ್ತು," ಅಂದ. ಅಷ್ಟೇ.
ಸಂದಿಗೆ ಟವೆಲು ತುರುಕಿದೆ.
ಯಂತ್ರ ಒಮ್ಮೆ ಕೆಮ್ಮಿ, ಗೊಣಗಿ, ಲಯ ಹಿಡಿಯಿತು.
ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು:
"ಯಾವ ಮರ ಅದು, ಬಾಗಿಲಲ್ಲಿ?"

ಆರನೆಯ ದಿನ ಬಿಸಿಲು.
ಊರಿಗೆ ಊರೇ ಹನಿಯುತ್ತ, ಚೂರು ಚೂರಾಗಿ ಕಳಚುತ್ತ.
ವೈರನ್ನು ಮೊಣಕೈಗೆ ಸುತ್ತಿ ಕೊಂಡೊಯ್ದೆ.
"ಇಟ್ಟುಕೋ. ಫೆಬ್ರವರಿ ಇನ್ನೂ ಮುಗಿದಿಲ್ಲ."
ಮರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಅವನ ಟ್ರಕ್ಕಿನ ಮೇಲೆಯೇ ಅಡ್ಡಡ್ಡ ಬಿದ್ದಿತ್ತು ಅದು,
ಇನ್ನೂ ತೊಟ್ಟಿಕ್ಕುತ್ತ.