ತಿರುಗುಮುರುಗು

ರುದರ್‌ಗ್ಲೆನ್, ಮೂರನೆಯ ಮಹಡಿ.
ಅಡುಗೆಮನೆಯ ಮೇಜಿಗೆ ಹಳೆ ಪೇಪರು ಹಾಸಿ
ಮಲಗಿಸಿದ್ದೇನೆ ಇದನ್ನು:
ಮೊಳಕ್ಕಿಂತ ಗಿಡ್ಡ, ಅಲ್ಯುಮಿನಿಯಂ ಮೈ,
ಬೆನ್ನಿಗೆ ಜೋತುಬಿದ್ದ ಕಪ್ಪು ಬಟ್ಟೆಯ ಚೀಲ,
ನೂಲು ಹೆಣೆದ ವೈರು, ಅಲ್ಲಲ್ಲಿ ಹಿಸಿದು
ಒಳಗಿನ ರಬ್ಬರು ಒಣರೊಟ್ಟಿಯಂತೆ ಉದುರುತ್ತಿದೆ.
ಒಂದೇ ಕೈಯಲ್ಲಿ ಹಿಡಿದು ಧೂಳು ಹೀರುವ ಯಂತ್ರ.
ಅರವತ್ತೇಳು ವರ್ಷ. ನನಗಿಂತ ಎರಡು ತಿಂಗಳು ದೊಡ್ಡದು.

ಮೆಟ್ಟಿಲ ಕಾರ್ಪೆಟ್ಟು, ಅಪ್ಪನ ಕಂಡಕ್ಟರ್ ಕೋಟು,
ಕೊನೆಗೆ ನಾಯಿಯ ಬೆನ್ನನ್ನೂ
ಅಮ್ಮ ಇದರಲ್ಲೇ ಎಳೆಯುತ್ತಿದ್ದಳು.
ನಾಯಿ ಸುಖದಿಂದ ಕಣ್ಣು ಮುಚ್ಚುತ್ತಿತ್ತು.

ತಿರುಪು ನಾಲ್ಕು. ಮೂರು ಹೇಳಿದ ಮಾತು ಕೇಳಿದವು.
ನಾಲ್ಕನೆಯದಕ್ಕೆ ಎಣ್ಣೆ ಬಿಟ್ಟು,
ಕೂದಲು ಒಣಗಿಸುವ ಬಿಸಿಗಾಳಿ ಊದಿ,
ಬೈದು, ಚಹಾ ಕುಡಿದು, ಮತ್ತೆ ಬೈದು,
ಆತುರಗಾರಳಿಗೆ ಬುದ್ಧಿ ಮಟ್ಟವೆಂದುಕೊಂಡು
ಮಲಗಿಬಿಟ್ಟೆ.
ಬೆಳಿಗ್ಗೆ ತಾನಾಗಿ ತಿರುಗಿತು, ಏನೂ ಆಗಿಲ್ಲವೆಂಬಂತೆ.

ಫ್ಯಾನಿನ ಹಿಂದಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು
ಚಿತ್ರಬಂಧದ ಒಂದು ಚೂರು. ಆಕಾಶದ ನೀಲಿ.
ಹಡಗಿನ ಚಿತ್ರ ಅದು, ಸಾವಿರ ಚೂರು,
ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತುಹೋಗಿತ್ತು.
‘ಸೆಂಗಾ ನುಂಗಿದಳು’ ಅಂದಿದ್ದಳು ಅಮ್ಮ,
ಪ್ರತಿ ಕ್ರಿಸ್‌ಮಸ್ಸಿಗೂ, ಬಂದವರೆಲ್ಲರ ಮುಂದೆ.
ಯಂತ್ರ ಅಂದಿನಿಂದ ಟಕಟಕ ಅನ್ನುತ್ತಿತ್ತು.
‘ಪಾಪ, ಅದಕ್ಕೂ ವಯಸ್ಸಾಯಿತು’ ಅನ್ನುತ್ತಿದ್ದಳು.

ಚೀಲ ತುಂಬಿತ್ತು. ಕೊನೆಯ ಸಲ
ಖಾಲಿ ಮಾಡದೆಯೇ ಹೋಗಿದ್ದಾಳೆ.
ಪೇಪರಿನ ಮೇಲೆ ಕೊಡವಿದೆ:
ಬೂದುಬಣ್ಣದ ಒಂದು ಮುದ್ದೆ, ಗುಂಡುಸೂಜಿ,
ಬಿಸ್ಕತ್ತಿನ ಪುಡಿ, ಹಸಿರು ಮಿಣುಕು ಒಂದು
(ಹಸಿರು ಉಡುಪು ಅವಳಿಗೆಲ್ಲಿತ್ತು?),
ಬಿಳಿಗೂದಲು, ಅದು ಯಾರದೆಂದು ಕೇಳಬೇಕಿಲ್ಲ.
ಕೆಳಮನೆಯ ಫರ್ಕರ್ ಬಂದು ಮೂಗು ಮುಚ್ಚಿಕೊಂಡ.
‘ಮೂವತ್ತು ಪೌಂಡಿಗೆ ಹೊಸತು ಬರುತ್ತದೆ, ವೈರೇ ಇಲ್ಲದ್ದು.’
ನಾನು ಅವನ ಕೈಗೆ ಟಾರ್ಚು ಕೊಟ್ಟೆ, ಹಿಡಿದುಕೊ ಎಂದು.

ಮೋಟಾರಿನ ಎದೆಯಲ್ಲಿ ತಾಮ್ರದ ಸುರುಳಿ.
ನದಿಯಾಚೆಯ ಕಾರ್ಖಾನೆಯಲ್ಲಿ
ಅಮ್ಮ ಸುತ್ತುತ್ತಿದ್ದದ್ದು ಇವನ್ನೇ, ದಿನಕ್ಕೆ ಎಂಬತ್ತು.
ಇದು ಅವಳದಿರಬಹುದು,
ಪಕ್ಕದ ಬೆಂಚಿನ ವಿಲ್ಹೆಲ್ಮಿನಾಳದೂ ಇರಬಹುದು.
ತಾಮ್ರ ಯಾರ ಸಹಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಕಾರ್ಬನ್ ಬ್ರಷ್ಷುಗಳು ಉಗುರಿನಷ್ಟು ಸವೆದಿದ್ದವು.
ಹೊಸವು ದಪ್ಪ. ಮರಳುಕಾಗದದ ಮೇಲೆ ಉಜ್ಜಿದೆ,
ಇಟ್ಟು ನೋಡಿದೆ, ಮತ್ತೆ ಉಜ್ಜಿದೆ,
ಬೆರಳೆಲ್ಲ ಕಾಡಿಗೆ. ಹೊಸ ವೈರು, ಹೊಸ ಗ್ರೀಸು,
ಬಿಳಿ ಪಾಲಿಶಿನಲ್ಲಿ ಮೈ ತಿಕ್ಕಿ ತಿಕ್ಕಿ
ನನ್ನ ಮುಖ ಕಾಣುವಷ್ಟಾದಾಗ ಸಾಕೆನಿಸಿತು.

ಗುಂಡಿ ಒತ್ತಿದೆ. ಓಡಿತು!
ಫರ್ಕರ್ ಚಪ್ಪಾಳೆ ತಟ್ಟಿದ.
ಆದರೆ ಒಂದು ಚಹಾ ಎಲೆಯನ್ನೂ ಎತ್ತಲಿಲ್ಲ,
ಸುಮ್ಮನೆ ಅದರ ಹತ್ತಿರ ನಿಂತು ಗುಂಯ್‌ಗುಟ್ಟಿತು.
ಎರಡು ತಂತಿ ಅದಲುಬದಲು. ಫ್ಯಾನು ಹಿಂದುಮುಂದಾಗಿ
ಸುತ್ತುತ್ತಿತ್ತು, ತನ್ನ ಮಟ್ಟಿಗೆ ಪ್ರಾಮಾಣಿಕವಾಗಿ.

ನಗು ಬಂತು. ಅಮ್ಮ ಆಗ್ನೆಸ್.
ಆ ಹೆಸರಿನ ಇಂಗ್ಲಿಷಿನ ಐದಕ್ಷರ
ಬಾಲದಿಂದ ತಲೆಗೆ ಓದಿದರೆ ನಾನು.
‘ನನ್ನ ಹೆಸರು ನನಗೆ ದಕ್ಕಲಿಲ್ಲ,
ತಿರುವಿ ಹಾಕಿದರೆ ನಿನಗಾದರೂ ದಕ್ಕೀತು’
ಎಂದಿದ್ದಳು, ಈರುಳ್ಳಿ ಹೆಚ್ಚುತ್ತಾ.
ದಕ್ಕಿತೋ ಇಲ್ಲವೋ, ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಂತಿ ಬದಲಿಸಿದೆ. ಈ ಸಲ ಸದ್ದೇ ಬೇರೆ,
ಟಕಟಕವಿಲ್ಲದ ಒಂದೇ ಎಳೆಯ ದನಿ;
ಕಿವಿ ಮಾತ್ರ ಆ ಟಕಟಕವನ್ನೇ ಹುಡುಕುತ್ತಿತ್ತು.
ಚಹಾ ಎಲೆ ಹೋಯಿತು.
ಸರಿಯಾದ ಪರೀಕ್ಷೆಗೆ ಸರಿಯಾದ ಧೂಳು ಬೇಕಲ್ಲ.
ಪೇಪರಿನ ಮೇಲೆ ಅದು ಇತ್ತು.
ಬಿಸ್ಕತ್ತಿನ ಪುಡಿ, ಹಸಿರು ಮಿಣುಕು, ಬಿಳಿಗೂದಲು,
ಒಂದೊಂದಾಗಿ ಎಲ್ಲವೂ ಒಳಗೆ ಹೋದವು.
ಗುಂಡುಸೂಜಿಯನ್ನು ಮಾತ್ರ ಎತ್ತಿಟ್ಟೆ.

ಫರ್ಕರ್ ಬಾಯಿ ತೆರೆದವನು ಮುಚ್ಚಿದ.

ತಿಂಗಳಿಗೊಮ್ಮೆ ಬೇರಿಂಗಿಗೆ ಎಣ್ಣೆ, ಒಂದೇ ತೊಟ್ಟು.
ಎರಡಾದರೆ ಧೂಳು ಹಿಡಿದು ಕೆಸರಾಗುತ್ತದೆ.
ವೈರನ್ನು ಬಿಗಿಯಾಗಿ ಸುತ್ತಬಾರದು.
ಚೀಲವನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕು.

ಮುಂದಿನ ವಾರ ಮಾಡಿದರಾಯಿತು.