ವೈರಿನ ಲೆಕ್ಕ

ಸ್ಮರಣ ಸಂಚಿಕೆಗೆ ಎರಡು ಪುಟ ಇತಿಹಾಸ ಬೇಕಂತೆ.
ಇಪ್ಪತ್ತೈದನೆಯ ವರ್ಷ, ನೀವೇ ಬರೆಯಿರಿ ಎಂದರು ಸಮಿತಿಯವರು.
ನಾನು ಲೈಟು ಮೈಕಿನವನು.
ನನ್ನ ಹತ್ತಿರ ಇರುವ ದಾಖಲೆ ಒಂದೇ,
ಎಣ್ಣೆ ಹಿಡಿದ ಈ ನೋಟುಬುಕ್ಕು, ವೈರಿನ ಲೆಕ್ಕ.

ಮೊದಲ ವರ್ಷ: ಹನ್ನೆರಡು ಮೀಟರು, ಒಂದು ಬಲ್ಬು.

ಸಹಮ್ ಪೇಟೆಯಿಂದ ಒಳಗೆ, ಟಾರು ಮುಗಿದ ಮೇಲೂ ಹೋಗಬೇಕು
ಖಲ್ಫಾನನ ತೋಟಕ್ಕೆ.
ಅಲ್ಲಿ ಕಡಲು ಮೂಡಣಕ್ಕೆ. ಗಂಗೊಳ್ಳಿಯವನಾದ ನನಗೆ
ಸೂರ್ಯ ನೀರಿನಿಂದ ಏಳುವುದು ಇವತ್ತಿಗೂ
ಅಂಗಿಯ ಒಳಮೈ ಹೊರಗೆ ಮಾಡಿ ತೊಟ್ಟ ಹಾಗೆ.
ಖರ್ಜೂರದ ಸಾಲು, ನಾಲ್ಕು ನಿಂಬೆ, ಉಳಿದದ್ದೆಲ್ಲ ಕುದುರೆಮೆಂತೆ.
ಮೂಡಣದ ಮೂಲೆಯಲ್ಲಿ ಮಾತ್ರ
ಚಾಪೆಯಗಲದ ಬಿಳಿ ನೆಲ, ಬಿತ್ತಿದರೆ ಏಳದು.
ಏನೂ ಏಳದ ಕಡೆ ಕೂತರೆ ಯಾರೂ ಏಳಿಸುವುದಿಲ್ಲ ಎಂದು
ಒಂದು ಗುರುವಾರ ರಾತ್ರಿ ಅಲ್ಲಿ ಕೂತೆವು.

ಮೊಂತು ನೀರಿನ ಜಹಲವೊಂದರ ತಳ ಒಡೆದು
ಆಡಿನ ಚರ್ಮ ಬಿಗಿದು ಗುಮಟೆ ಮಾಡಿದ್ದ.
ಕದ್ದದ್ದು ಎಂದು ನಮಗೆ ಗೊತ್ತಿರಲಿಲ್ಲ.
ಖಲ್ಫಾನನ ತಾಯಿ ಜೋಖಾ ಬಂದಳು, ಬುರ್ಖಾದ ಮೂಗುಕಡ್ಡಿ ಸರಿಮಾಡಿಕೊಂಡು
ಕೊನೆತನಕ ಕೇಳಿದಳು.
"ನನ್ನ ಮನೆಯಲ್ಲಿದ್ದಾಗ ಇದು ಬಾಯೇ ಬಿಟ್ಟಿರಲಿಲ್ಲ" ಎಂದಳು.
ಮುಂದಿನ ಚಳಿಗಾಲ ಅವಳೇ ಇನ್ನೊಂದು ಜಹಲ ತಂದಳು.

(ಬ್ಯಾನರು ಅಚ್ಚಾದ ವರ್ಷವೇ ಮೊದಲನೆಯದು ಎಂದು
ಇದಿನಬ್ಬ ಈಗಲೂ ಜಗಳಕ್ಕೆ ಬರುತ್ತಾನೆ. ಬರಲಿ.)

ನಾಲ್ಕನೆಯ ವರ್ಷ: ಅರವತ್ತು ಮೀಟರು.
ಕಡಲತಡಿಯ ಹಳ್ಳಿಯಿಂದ ಲೀವಾ ಕುಣಿಯುವವರು ಬಂದರು,
ನಿಂತೇ ಬಾರಿಸುವ ಡೋಲು, ಒಂದು ಮಿಜ್ಮಾರು.
ಇಂಡಿ ಕಡೆಯ ಟ್ಯಾಂಕರು ಚಾಲಕ ರಾಜೇಸಾಬ
ಮೊಹರಮ್ಮಿನ ರಿವಾಯತ ಎತ್ತಿಕೊಂಡ.
ಕನ್ನಡದೊಳಗೆ ಅವರಿಗೆ ಸಿಕ್ಕಿದ್ದು ಎರಡೇ ಶಬ್ದ, ಹಸನ, ಹುಸೇನ.
ಹಳ್ಳದಲ್ಲಿ ಎರಡೇ ಕಲ್ಲು.
ಅವನ್ನೇ ಮೆಟ್ಟಿ ಇಡೀ ಹಾಡು ದಾಟಿದರು.

ಒಂಬತ್ತನೆಯದು: ನೂರಾ ಎಂಭತ್ತು.
ವೇಷ ಕಟ್ಟಲು ಚೌಕಿ, ಚಿತ್ರ ಬರೆಯುವ ಮಕ್ಕಳಿಗೆ ಚಪ್ಪರ,
ದುಬೈಯಿಂದ ಎರಡು ಬಸ್ಸು, ಪೊಲೀಸರ ಪರವಾನಗಿ.
ಜಾಗ ವರ್ಷವರ್ಷ ಹಿರಿದಾಗುತ್ತಿತ್ತು.
ನಾವು ಖುಷಿಯಿಂದ ಕಂಬ ಕಿತ್ತು
ಇನ್ನಷ್ಟು ಪಡುವಣಕ್ಕೆ ನೆಡುತ್ತಿದ್ದೆವು.

ಹದಿಮೂರನೆಯ ವರ್ಷ ಇದಿನಬ್ಬ ವೇದಿಕೆಯಲ್ಲಿ
ಖಲ್ಫಾನನಿಗೆ ಶಾಲು ಹೊದೆಸಿದ,
ಇಷ್ಟು ವಿಶಾಲ ಜಾಗ ಕೊಟ್ಟ ದೊಡ್ಡ ಮನಸ್ಸು ಎಂದ.
ಚಪ್ಪಾಳೆ.
ಖಲ್ಫಾನ ಮೈಕು ಮುಟ್ಟಲಿಲ್ಲ. ಶಾಲಿನ ಸಮೇತ ಕೆಳಗಿಳಿದು
ಜನರೇಟರಿನ ಗದ್ದಲದಲ್ಲಿ ನನಗೊಬ್ಬನಿಗೆ ಹೇಳಿದ:
"ಕೊಟ್ಟದ್ದು ನಾನಲ್ಲ. ಬಾವಿ."
ಪಂಪಿನ ಬಾಯಿಗೆ ಬೊಗಸೆ ಹಿಡಿಸಿದ. ಕುಡಿದೆ.
ನಮ್ಮೂರ ಅಳಿವೆಯ ನೀರು.

ಆ ರಾತ್ರಿ ನೋಟುಬುಕ್ಕು ತೆರೆದರೆ
ನನ್ನದೇ ಅಕ್ಷರ ಬೇರೇನನ್ನೋ ಬರೆದಿಟ್ಟಿತ್ತು.
ಎಷ್ಟು ಮೀಟರು ವೈರು, ಅಷ್ಟು ಮೀಟರು ಹೊಲ.

ಹಾಗಂತ ನಿಲ್ಲಿಸಿದೆವೇ? ಇಲ್ಲ.
ಸೊಹಾರಿನಿಂದ ಇನ್ನೂ ದೊಡ್ಡ ಸ್ಪೀಕರು ತಂದೆವು.

ಇಪ್ಪತ್ತೆರಡನೆಯ ವರ್ಷ ಚಂಡಮಾರುತ.
ವೇದಿಕೆಯ ಹಲಗೆ ಹೋಗಿ ಖರ್ಜೂರದ ತಲೆಗೆ ಸಿಕ್ಕಿಕೊಂಡಿತ್ತು.
ವಾರಗಟ್ಟಲೆ ನಿಂತ ಮಳೆನೀರು ಇಂಗುವಾಗ
ಉಪ್ಪನ್ನೂ ಕೈಹಿಡಿದು ಕೆಳಗೆ ಕರೆದೊಯ್ದಿತ್ತು.
ಜನವರಿಯಲ್ಲಿ ಲಾರಿ ತುಂಬ ಸಾಮಾನು ಹೇರಿಕೊಂಡು ಹೋದರೆ
ಮೈದಾನವಿಡೀ ಕುದುರೆಮೆಂತೆ, ಮೊಣಕಾಲೆತ್ತರ.
ಖಲ್ಫಾನ ಬೇಲಿಯ ಬಳಿ ಕೈ ಅಡ್ಡ ಹಿಡಿದು ನಿಂತಿದ್ದ, ನಗುತ್ತಿದ್ದ.
ಅವನ ಹಲ್ಲು ನಾನು ನೋಡಿದ್ದು ಅದೇ ಮೊದಲು.
ಮೊಂತು ಲಾರಿಯಿಂದಿಳಿದು
ಆಚೆಯಿಂದಲೇ ಗುಮಟೆಗೆ ಎರಡು ಪೆಟ್ಟು ಕೊಟ್ಟ.
ಆಡುಗಳು ತಲೆಯೆತ್ತಿ ನೋಡಿ
ಮತ್ತೆ ಮೇಯತೊಡಗಿದವು.
ನಾವು ಲಾರಿ ತಿರುಗಿಸಿದೆವು.

ಆ ವರ್ಷ ಬಿಟ್ಟುಬಿಡಿ, ಕಾರ್ಯಕ್ರಮವೇ ಆಗಲಿಲ್ಲವಲ್ಲ
ಎನ್ನುತ್ತಾರೆ ಸಮಿತಿಯವರು.
ನನ್ನ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲಿದೆ:
ವೈರು, ಸೊನ್ನೆ.
ಅದನ್ನು ಅಚ್ಚು ಹಾಕಿ. ಜಾಗ ಸಾಲದಿದ್ದರೆ ನನ್ನ ಫೋಟೊ ತೆಗೆಯಿರಿ.

ಒಂದೇ ಬೆಳೆ. ಆಮೇಲೆ ಮೂಡಣದಿಂದ ಮತ್ತೆ ಬಿಳಿ.
ಈ ಸಲ ಏಳುನೂರು ಮೀಟರು ಬೇಕು.
ಬಾಡಿಗೆಗೆ ಹೇಳಿಟ್ಟಿದ್ದೇನೆ.