ಮಂಚದ ಕೆಳಗಿನ ಗೋಧಿ

ಲೆನೋರಾ,
ದೊಡ್ಡ ಸುದ್ದಿ ಬೇಡ, ಸಣ್ಣಪುಟ್ಟದ್ದೇ ಬರೆ ಎಂದೆಯಲ್ಲ,
ಇಲ್ಲಿ ಇರುವುದೇ ಅಷ್ಟು.
ಕಿಟಕಿ ಹುಲ್ಲಿನ ಮಟ್ಟಕ್ಕಿದೆ. ಹೋದ ತಿಂಗಳವರೆಗೆ
ಹೋಗಿ ಬರುವವರ ಬೂಟು ನೋಡಿ ಹೆಸರು ಹೇಳುತ್ತಿದ್ದೆ.
ಈಗ ಐಡಾಹೋದ ಹಿಮವೆಲ್ಲ ಗಾಜಿಗೆ ಒರಗಿ ಕೂತಿದೆ.
ಹಗಲೋ ರಾತ್ರಿಯೋ ಒಲೆಯ ಗಡಿಯಾರವನ್ನೇ ಕೇಳಬೇಕು.

ಸೋಮವಾರ ಸಂಜೆ ಕುಟುಂಬ ಕೂಟ.
ಕುಟುಂಬವೆಂದರೆ ನಾವಿಬ್ಬರೇ.
ಪ್ರಾರ್ಥನೆಗೆ ಒಬ್ಬರು, ಪಾಠಕ್ಕೆ ಒಬ್ಬರು,
ತಿಂಡಿಗೆ ಮತ್ತೊಬ್ಬರು. ಚೀಟಿ ಎತ್ತಿದರೆ
ಮೂರೂ ಓರ್ಲಿನ್‌ಗೇ ಬಂತು.
ಸೋಫಾದ ತೋಳಿನ ಮೇಲೆ, ಪೈಜಾಮದಲ್ಲಿ,
ಗಂಟಲು ಸರಿಮಾಡಿಕೊಂಡು ಎದ್ದು ನಿಂತ:
'ಸಭಿಕರಿಗೆ ಸ್ವಾಗತ.'
ಸಭಿಕರು ಕಾಲ ಮೇಲೆ ಕಂಬಳಿ ಎಳೆದುಕೊಂಡರು.

ಭಾನುವಾರ ಶಾಲೆಯಲ್ಲಿ ಐದು ವರ್ಷದವರು ನನಗೆ.
ನೋಹನ ನಾವೆಗೆ ಹತ್ತಿ ಅಂಟಿಸಿ ಮೋಡ ಮಾಡಿದೆವು.
ಬ್ರಿಗ್ಸ್ ಎಂಬ ಹುಡುಗ ಕೈ ಎತ್ತಿದ:
ಅಷ್ಟೊಂದು ಸಗಣಿ ಬಾಚಿದ್ದು ಯಾರು ಟೀಚರ್?
ನೋಹನ ಹೆಂಡತಿ ಇರಬೇಕು, ಎಂದೆ.
ಅವಳ ಹೆಸರೇನು? ಹುಡುಕಿದೆ. ಬರೆದಿಲ್ಲ.

ಆಲೂಗಡ್ಡೆ ಕಾರ್ಖಾನೆಯಲ್ಲಿ ಪಾಳಿ ಕಡಿಮೆ ಮಾಡಿದ್ದಾರೆ,
ವಾರಕ್ಕೆ ಮೂರೇ ದಿನ.
ಇದನ್ನು ಬರೆಯುವುದೋ ಬೇಡವೋ ಎಂದು
ಮೊದಲ ಪುಟವೆಲ್ಲ ಸುತ್ತಾಡಿದೆ.
ಶನಿವಾರ ಮೇಜಿನ ಮೇಲೆ ಸಂಬಳದ ಚೀಟಿ, ಬೂದು ಲಕೋಟೆ.
ಬಾಡಿಗೆ ಕೊಟ್ಟು ಉಳಿದರೆ ಹತ್ತರಲ್ಲೊಂದು, ಎಂದೆ ನಾನು.
ಅವನು ಏನೂ ಹೇಳದೆ ಮೊದಲು ಅದನ್ನೇ ಬರೆದು
ಲಕೋಟೆಯನ್ನು ನಾಲಿಗೆಯಿಂದ ಒದ್ದೆ ಮಾಡಿ ಮುಚ್ಚಿದ.
ನಾನು ಅದೇ ಲೋಟವನ್ನು ಮೂರು ಸಲ ತೊಳೆದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ.
ಮರುದಿನ ಉಪವಾಸದ ಭಾನುವಾರ,
ಉಣ್ಣುವ ಹಾಗೇ ಇಲ್ಲ.
ರೊಟ್ಟಿ ಚೂರಿನ ತಟ್ಟೆ, ನೀರಿನ ಪುಟ್ಟ ಲೋಟ
ಸಾಲಿನಿಂದ ಸಾಲಿಗೆ ದಾಟುವ ಆ ಮೌನದಲ್ಲಿ
ಅವನ ಹೊಟ್ಟೆ ಗುರ್ ಎಂದಿತು. ಹಿಂದಿನ ಸಾಲಿನ ಮಗು ನಕ್ಕಿತು.
ನಾನು ನಗಲಿಲ್ಲ. ಎಷ್ಟು ಕಷ್ಟಪಟ್ಟೆನೆಂದು ನಿನಗೆ ಗೊತ್ತು.
ರಾತ್ರಿ ಮಂಚದ ಆಚೆಗೊಬ್ಬರು, ಈಚೆಗೊಬ್ಬರು ಮಂಡಿಯೂರಿದೆವು.
ಪ್ರಾರ್ಥನೆಯ ಸರದಿ ನನ್ನದು.
ಛಾವಣಿಗೆ, ಹೀಟರಿಗೆ, ನಿನಗೆ, ನಿನ್ನ ಜೊತೆಗಾತಿಗೆ,
ಹೆಲ್ಗಾ ಸೋರೆನ್ಸನ್‌ರ ಮುರಿದ ಸೊಂಟಕ್ಕೆ ಕೂಡ;
ಅವನೊಬ್ಬನನ್ನು ಬಿಟ್ಟು ಎಲ್ಲಕ್ಕೂ ಕೃತಜ್ಞತೆ ಹೇಳಿದೆ.
ಆಮೆನ್ ಎಂದ, ಸ್ಪಷ್ಟವಾಗಿ.

ಅಪ್ಪ ಮದುವೆಗೆ ಕೊಟ್ಟ ಗೋಧಿ ನೆನಪಿದೆಯಲ್ಲ,
ಹದಿನಾಲ್ಕು ಬಕೆಟ್, ಕಷ್ಟಕಾಲಕ್ಕೆಂದು.
ಮಂಚಕ್ಕೆ ಕಾಲಿಲ್ಲ, ಅವುಗಳ ಮೇಲೇ ಮಲಗುತ್ತೇವೆ.
ಬುಧವಾರ ಹಿಟ್ಟಿನ ಡಬ್ಬ ತಳ ಕಂಡಿತು.
ಕಷ್ಟಕಾಲ ಬಂದರೆ ತುತ್ತೂರಿ ಊದುತ್ತಾರೆಂದು
ಚಿಕ್ಕವಳಿದ್ದಾಗ ನಂಬಿದ್ದೆ.
ಓರ್ಲಿನ್ ಮಂಚ ಎತ್ತಿ ಹಿಡಿದ, ನಾನು ಎಳೆದೆ.
ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಬೇಕಾಯಿತು.
ಮೇಲಿನ ಮನೆಯಲ್ಲಿ ಹೆಲ್ಗಾರ ಬೀಸುವ ಯಂತ್ರ,
ಕೈಹಿಡಿಯದು, ಮೇಜಿಗೆ ಬಿಗಿದದ್ದು. ಸರದಿಯಲ್ಲಿ ತಿರುಗಿಸಿದೆವು.
ಅವರು ಊರುಗೋಲಿನಿಂದ ಲೆಕ್ಕ ಹಾಕುತ್ತಾ
'ಇನ್ನೂ ನುಣ್ಣಗೆ, ಇನ್ನೂ' ಎಂದರು.
ಬ್ರೆಡ್ಡು ಇಟ್ಟಿಗೆಯಾಯಿತು.
ಅವನು ನಾಲ್ಕು ತುಂಡು ತಿಂದ. ನಾನು ಒಂದೂವರೆ.

ಆ ಬಕೆಟ್ಟು ಇದ್ದದ್ದು ನನ್ನ ಕಡೆ.
ಈಗ ಮಂಚ ಆ ಮೂಲೆಗೆ ಇಳಿಜಾರು.
ಗೋಡೆಗೆ ಮುಖ ಮಾಡಿ ಮಲಗಿದರೂ
ನಡುರಾತ್ರಿ ಅವನು, ಉದ್ದಕ್ಕೆ ಉದ್ದ,
ನಿದ್ದೆಯಲ್ಲೇ ನನ್ನತ್ತ ಉರುಳಿ ಬರುತ್ತಾನೆ,
ತಣ್ಣನೆಯ ಪಾದಗಳ ಸಮೇತ.
ಬೆಳಿಗ್ಗೆ ಎದ್ದವನೇ, ಪುಸ್ತಕ ಕೊಟ್ಟು ಸಮ ಮಾಡಲೇ, ಎಂದ.
ಇರಲಿ ಬಿಡು, ಎಂದೆ.

ನಿನ್ನಲ್ಲಿ ಮಾಂಟೆವಿಡಿಯೋದಲ್ಲಿ ಈಗ ಸೆಖೆಯಲ್ಲವೇ?
ಎಷ್ಟು ಬಾಗಿಲು ತೆರೆದವು ಈ ವಾರ?
ಅಪ್ಪನಿಗೆ ಗೋಧಿಯ ವಿಷಯ ಬರೆಯಬೇಡ.
ಬರೆದರೆ, ಬ್ರೆಡ್ಡು ಚೆನ್ನಾಗಿತ್ತು ಎಂದು ಬರೆ.